ಮಷಿನ್ ತಿರುಗಿದರೆ ಸೆನ್ಸರ್ ಮಾತಾಡುತ್ತದೆ

(ಗದಗದಲ್ಲಿ ಪ್ರೆಸ್ ನಡೆಸುವವರು ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಸೇರಿದ್ದ ಒಂದು ಸಂಜೆ, ವೈರೂ ಬ್ಯಾಟರಿಯೂ ಇಲ್ಲದೆ ಮಷಿನ್ನಿನ ಓಟದಿಂದಲೇ ಕರೆಂಟ್ ಪಡೆಯುವ ಸೆನ್ಸರುಗಳ ಬಗ್ಗೆ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಹಾಕಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ವೈರಿನಿಂದ ಶುರು ಮಾಡುತ್ತೇನೆ.

ಬಹಳ ವರ್ಷಗಳ ಹಿಂದಿನ ಮಾತು. ನಾನು ಕೆಲಸ ಕಲಿಯುತ್ತಿದ್ದೆ. ಒಂದು ಪ್ರೆಸ್ಸಿನ ಆಫ್‌ಸೆಟ್ ಮಷಿನ್ ಸುಮ್‌ಸುಮ್ನೆ ನಿಂತುಬಿಡುತ್ತಿತ್ತು. ಅಚ್ಚಾದ ಹಾಳೆ ಹೊರಬರುವ ಡೆಲಿವರಿ ಕಡೆಯ ಸೆನ್ಸರ್, ಹಾಳೆ ಸಿಕ್ಕಿಹಾಕಿಕೊಂಡಿದೆ ಅಂತ ಹೇಳುತ್ತಿತ್ತು. ಹೋಗಿ ನೋಡಿದರೆ ಯಾವ ಹಾಳೆಯೂ ಇಲ್ಲ. ಸೆನ್ಸರ್ ಬದಲಾಯಿಸಿದೆವು. ಬೋರ್ಡ್ ಬದಲಾಯಿಸಿದೆವು. ಮದುವೆ ಕಾರ್ಡಿನ ಸೀಜನ್ ಬೇರೆ. ಗಿರಾಕಿಗಳು ಬಾಗಿಲಲ್ಲೇ ಕೂತಿದ್ದರು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು. ಗಾರ್ಡ್ ಅಂದರೆ ಮಷಿನ್ನಿನ ರಕ್ಷಣೆಯ ಮುಚ್ಚಳ, ಅದನ್ನು ತೆಗೆದು ಹಾಕುವಾಗ ಮಡಿಚಿಕೊಳ್ಳುವ ಜಾಗದಲ್ಲಿ ವೈರಿನ ಒಳಗಿನ ತಾಮ್ರ ತುಂಡಾಗಿತ್ತು. ಮೇಲಿನ ಪ್ಲಾಸ್ಟಿಕ್ ಹೊಸದರ ಹಾಗೇ ಇತ್ತು. ಮಷಿನ್ ಅಲುಗಿದಾಗ ತುಂಡಾದ ತುದಿಗಳು ಒಮ್ಮೆ ಮುಟ್ಟುತ್ತಿದ್ದವು, ಒಮ್ಮೆ ಬಿಡುತ್ತಿದ್ದವು.

ಇಲ್ಲಿ ಕೂತಿರುವ ಎಷ್ಟೋ ಜನರಿಗೆ ಇಂಥ ವೈರು ಸಿಕ್ಕಿರುತ್ತದೆ, ಅಲ್ವಾ?

ಮುದ್ರಣದ ಉಪಕರಣಗಳಲ್ಲಿ ಈ ಕಾಟ ಜಾಸ್ತಿ. ಇಲ್ಲಿ ಅಲುಗಾಡದೆ ಕೂತಿರುವ ಭಾಗಗಳೇ ಕಡಿಮೆ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಮುಚ್ಚಳ ತೆಗೆದು ನೋಡಿ. ಇಂಕ್ ಹೊತ್ತ ಗಾಡಿ ಅತ್ತಿಂದಿತ್ತ ಓಡುತ್ತದೆ. ಅದರ ಹಿಂದೆ ಒಂದು ಚಪ್ಪಟೆ ವೈರಿನ ಪಟ್ಟಿ ಮಡಿಚಿಕೊಳ್ಳುತ್ತಾ ಬಿಚ್ಚಿಕೊಳ್ಳುತ್ತಾ ಓಡುತ್ತದೆ. ಜೆರಾಕ್ಸ್ ಮಷಿನ್ನಿನ ಟ್ರೇಯನ್ನು ದಿನಕ್ಕೆ ಹತ್ತು ಸಲ ಎಳೆದು ತಳ್ಳುತ್ತೇವೆ. ಆಫ್‌ಸೆಟ್‌ನಲ್ಲಂತೂ ಪ್ಲೇಟ್ ಸಿಲಿಂಡರ್, ಬ್ಲ್ಯಾಂಕೆಟ್ ಸಿಲಿಂಡರ್, ಇಂಪ್ರೆಷನ್ ಸಿಲಿಂಡರ್, ಮೇಲೆ ಸಾಲು ಸಾಲು ಇಂಕ್ ರೋಲರ್. ಎಲ್ಲವೂ ತಿರುಗುತ್ತವೆ. ತಿರುಗುವ ರೋಲರಿಗೆ ನೇರವಾಗಿ ವೈರ್ ಕಟ್ಟಲು ಆಗುವುದಿಲ್ಲ. ಎರಡು ಸುತ್ತು ತಿರುಗುವಷ್ಟರಲ್ಲಿ ಸುತ್ತಿಕೊಂಡು ಹರಿದುಹೋಗುತ್ತದೆ. ಸ್ಲಿಪ್ ರಿಂಗ್ ಎಂಬ ಲೋಹದ ಬಳೆ ಹಾಕಿ, ಅದಕ್ಕೆ ಕಾರ್ಬನ್ ಬ್ರಷ್ ಮುಟ್ಟಿಸಬಹುದು. ಆದರೆ ಬ್ರಷ್ ಸವೆಯುತ್ತದೆ. ಪೇಪರ್ ಧೂಳು, ಸ್ಪ್ರೇ ಪೌಡರ್, ಇಂಕಿನ ಮಂಜು ಎಲ್ಲ ಅದರ ಮೇಲೇ ಕೂರುತ್ತದೆ.

ಹಾಗಾದರೆ ವೈರ್‌ಲೆಸ್ ಸೆನ್ಸರ್ ಹಾಕಿ, ಒಳಗೊಂದು ಬಟನ್ ಸೆಲ್ ಇಟ್ಟರೆ ಆಯಿತಲ್ಲ ಎನ್ನಬಹುದು. ಸೆಲ್ಲಿನ ಮೇಲೆ ನಾನು ಸುಳ್ಳು ಆಪಾದನೆ ಹೊರಿಸುವುದಿಲ್ಲ. ಗಂಟೆಗೊಮ್ಮೆ ಸುದ್ದಿ ಕೊಡುವ ಸೆನ್ಸರ್ ಒಂದು ಒಳ್ಳೆಯ ಬಟನ್ ಸೆಲ್ಲಿನ ಮೇಲೆ ವರ್ಷಗಟ್ಟಲೆ ಬದುಕುತ್ತದೆ. ಕಷ್ಟ ಬರುವುದು ಬೇರೆ ಕಡೆ. ಲೆಕ್ಕ ಹಾಕೋಣ ಬನ್ನಿ.

ಒಂದು ಟೊಮೆಟೊ ತೆಗೆದುಕೊಳ್ಳಿ. 100 ಗ್ರಾಂ ತೂಕ. ಅದನ್ನು ಒಂದು ಮೀಟರ್ ಮೇಲೆ ಎತ್ತಿದರೆ ಖರ್ಚಾಗುವ ಶಕ್ತಿ ಸುಮಾರು ಒಂದು ಜೌಲ್. ಅದನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೊಜೌಲ್. ಈಗಿನ ಕಾಲದ ಸಣ್ಣ ರೇಡಿಯೊ ಚಿಪ್ಪಿಗೆ ಒಂದು ಪುಟ್ಟ ಸಂದೇಶ ಕಳಿಸಲು ಹೆಚ್ಚುಕಡಿಮೆ 100 ಮೈಕ್ರೊಜೌಲ್ ಸಾಕು. ಅಂದರೆ ಟೊಮೆಟೊವನ್ನು ಎಷ್ಟು ಎತ್ತಬೇಕು? ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದು ನೀವು ದಿನಾ ಮುಟ್ಟುವ ಮಾಮೂಲಿ ಕಾಪಿಯರ್ ಹಾಳೆಯ ದಪ್ಪ! ಒಂದು ಟೊಮೆಟೊವನ್ನು ಒಂದು ಹಾಳೆಯಷ್ಟು ಎತ್ತುವ ಶಕ್ತಿಯಲ್ಲಿ ಒಂದು ಸಂದೇಶ ಗಾಳಿಯಲ್ಲಿ ಹೋಗುತ್ತದೆ. ಈ ಲೆಕ್ಕ ಮೊದಲ ಸಲ ಮಾಡಿದಾಗ ನಾನು ಮೂರು ಸಲ ತಿದ್ದಿ ನೋಡಿದ್ದೆ.

ಈಗ ಸೆಲ್ಲಿಗೆ ಬರೋಣ. 2032 ಎಂಬ ನಂಬರಿನ ಬಟನ್ ಸೆಲ್ಲಿನಲ್ಲಿ ಸುಮಾರು 2,400 ಜೌಲ್ ಇರುತ್ತದೆ. ಗಂಟೆಗೆ 18,000 ಹಾಳೆ ಓಡಿಸುವ ಶೀಟ್ ಫೆಡ್ (ಬಿಡಿ ಹಾಳೆಯ) ಮಷಿನ್ ಅಂದರೆ ಸೆಕೆಂಡಿಗೆ 5 ಹಾಳೆ. ಪ್ರತಿ ಹಾಳೆಗೂ ಒಂದು ಸಂದೇಶ ಬೇಕು ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 500 ಮೈಕ್ರೊಜೌಲ್ ಖರ್ಚು. 2,400 ಜೌಲ್ ಎಷ್ಟು ದಿನ ಬರುತ್ತದೆ? ಬಿಡದೆ ಓಡಿದರೆ 55 ದಿನ. ಎರಡು ತಿಂಗಳೂ ಇಲ್ಲ. ಒಂದು ಮಷಿನ್ನಿಗೆ ಇಂಥ 40 ಸೆನ್ಸರ್ ಇದ್ದರೆ ವಾರಕ್ಕೆ ಐದು ಸೆಲ್ ಬದಲಾಯಿಸುತ್ತಾ ಕೂರಬೇಕು. ಅದೂ ಮಷಿನ್ ನಿಲ್ಲಿಸಿ, ಗಾರ್ಡ್ ಬಿಚ್ಚಿ. ತೆಗೆದ ಸೆಲ್ ಎಲ್ಲಿಗೆ ಹೋಗುತ್ತದೆ? 2022ರಿಂದ ನಮ್ಮ ದೇಶದಲ್ಲಿ ಹಳೆ ಬ್ಯಾಟರಿಗೆ ಬೇರೆ ನಿಯಮಗಳೇ ಬಂದಿವೆ. ಆದರೂ ಪ್ರೆಸ್ಸಿನ ನೆಲದ ಮೇಲೆ ಬಿದ್ದ ಬಟನ್ ಸೆಲ್ ರದ್ದಿ ಜೊತೆ ಗುಡಿಸಿಕೊಂಡು ಹೋಗುವ ಸಾಧ್ಯತೆಯೇ ಜಾಸ್ತಿ. ಲಿಥಿಯಂ ಸೆಲ್ ಒಂದು ರದ್ದಿ ಮೂಟೆಯೊಳಗೆ ಸೇರಿ ಜಜ್ಜಿಹೋದರೆ ಬೆಂಕಿ ಹತ್ತಬಹುದು.

ಈ ಲೆಕ್ಕದಲ್ಲಿ ಇನ್ನೊಂದು ವಿಷಯ ಗಮನಿಸಿ. ಮಷಿನ್ ಜೋರಾಗಿ ಓಡಿದಷ್ಟೂ ಸೆಲ್ ಬೇಗ ಸಾಯುತ್ತದೆ. ಆದರೆ ಸೆನ್ಸರಿಗೆ ಬೇಕಾದ ಶಕ್ತಿಯನ್ನು ಮಷಿನ್ನಿನ ಓಟದಿಂದಲೇ ತೆಗೆದರೆ? ಆಗ ಮಷಿನ್ ಜೋರಾಗಿ ಓಡಿದಷ್ಟೂ ಸಂಪಾದನೆ ಜಾಸ್ತಿ. ಖರ್ಚು ಮತ್ತು ಸಂಪಾದನೆ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ನಾನು ಈ ವಿಷಯದ ಹಿಂದೆ ಬಿದ್ದದ್ದೇ ಈ ಕಾರಣಕ್ಕೆ.

ಓಟದಿಂದ ಕರೆಂಟ್ ತೆಗೆಯುವುದು ಹೊಸ ವಿದ್ಯೆಯೇನಲ್ಲ. ಎರಡು ವಸ್ತು ತಂದಿದ್ದೇನೆ. ಒಂದು ಅಡುಗೆಮನೆಯ ಗ್ಯಾಸ್ ಲೈಟರ್. ಟಕ್ ಅಂತ ಒತ್ತಿದರೆ ಕಿಡಿ ಬರುತ್ತದೆ. ಒಳಗೆ ಸೆಲ್ ಇಲ್ಲ. ಸ್ಪ್ರಿಂಗ್ ಬಿಟ್ಟಾಗ ಒಂದು ಪುಟ್ಟ ಸುತ್ತಿಗೆ ಪಿಂಗಾಣಿಯಂಥ ಒಂದು ತುಂಡಿಗೆ ಹೊಡೆಯುತ್ತದೆ. ಆ ತುಂಡು ಅದುಮಿದಾಗ ವಿದ್ಯುತ್ ಕೊಡುತ್ತದೆ. ಕೆಲವು ಹರಳುಗಳಿಗೆ ಈ ಗುಣ ಇದೆ ಅಂತ ಫ್ರಾನ್ಸಿನ ಅಣ್ಣತಮ್ಮಂದಿರಾದ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ 1880ರಲ್ಲಿ ತೋರಿಸಿದರು. ಇದಕ್ಕೆ ಪೀಜೊ ಅಂತ ಹೆಸರು. ಇನ್ನೊಂದು ವಸ್ತು ಸೈಕಲ್ ಡೈನಮೋ. ಚಕ್ರಕ್ಕೆ ಒತ್ತಿದರೆ ಒಳಗಿನ ಅಯಸ್ಕಾಂತ ತಿರುಗುತ್ತದೆ, ತಂತಿಯ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದದ್ದು. ನಾನು ಇವತ್ತು ಹೇಳುವ ಹೆಚ್ಚಿನದೆಲ್ಲ ಈ ಎರಡರ ಮಕ್ಕಳು ಮೊಮ್ಮಕ್ಕಳು.

ಮೊದಲು ಸುಲಭದ್ದು ನೋಡೋಣ. ಜರ್ಮನಿಯಲ್ಲಿ ಸೀಮೆನ್ಸ್ ಕಂಪನಿಯಿಂದ ಹೊರಬಂದವರು 2001ರಲ್ಲಿ ಎನ್‌ಓಷನ್ ಅಂತ ಒಂದು ಕಂಪನಿ ಕಟ್ಟಿದರು. ಗೋಡೆಗೆ ಅಂಟಿಸುವ ಲೈಟ್ ಸ್ವಿಚ್. ವೈರೂ ಇಲ್ಲ, ಸೆಲ್ಲೂ ಇಲ್ಲ. ಬೆರಳಿನ ಒತ್ತಿನಿಂದಲೇ ಸಂದೇಶ ಹೋಗುತ್ತದೆ. ಒಳಗೆ ಏನಿದೆ ಗೊತ್ತಾ? ಇಲಿಬೋನಿನ ತತ್ತ್ವ. ನೀವು ಒತ್ತುತ್ತಾ ಹೋದಾಗ ಮೊದಲು ಸ್ಪ್ರಿಂಗ್ ಮಾತ್ರ ಬಾಗುತ್ತದೆ. ಒಂದು ಹಂತ ದಾಟಿದ ತಕ್ಷಣ ಫಟ್ ಅಂತ ಅಯಸ್ಕಾಂತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಳುತ್ತದೆ. ಸುರುಳಿಯೊಳಗಿನ ಕಾಂತಬಲ ಒಮ್ಮೆಲೇ ತಿರುಗಿಬೀಳುತ್ತದೆ. ಹಾಗಾಗಿ ಮಗು ಮೆಲ್ಲಗೆ ಒತ್ತಿದರೂ ಒಂದೇ, ದೊಡ್ಡವರು ಜೋರಾಗಿ ಗುದ್ದಿದರೂ ಒಂದೇ. ಒಂದು ಒತ್ತಿಗೆ 100ರಿಂದ 200 ಮೈಕ್ರೊಜೌಲ್ ಸಿಗುತ್ತದೆ. ಅಷ್ಟರಲ್ಲೇ ಸಂದೇಶವನ್ನು 40 ಮಿಲಿಸೆಕೆಂಡಿನೊಳಗೆ ಮೂರು ಸಲ ಹೇಳಿ ಮುಗಿಸುತ್ತದೆ. ಮೊದಲನೆಯದು ಗದ್ದಲದಲ್ಲಿ ಕಳೆದುಹೋದರೂ ಎರಡನೆಯದೋ ಮೂರನೆಯದೋ ತಲುಪಲಿ ಅಂತ.

ಇದನ್ನು ಜೆರಾಕ್ಸ್ ಮಷಿನ್ನಿನ ಟ್ರೇಗೆ, ಮುಚ್ಚಳಕ್ಕೆ, ಟೋನರ್ ಬಾಗಿಲಿಗೆ ಹಾಕಬಹುದು. ಟ್ರೇ ಎಳೆಯುವುದು ನಿಜಕ್ಕೂ ದೊಡ್ಡ ಸಂಪಾದನೆ. ಎರಡು ಕಿಲೋ ತೂಕ ಎತ್ತುವಷ್ಟು ಬಲ ಹಾಕಿ 40 ಸೆಂಟಿಮೀಟರ್ ಎಳೆದರೆ 8 ಜೌಲ್. ಟ್ರೇಯ ಪಕ್ಕದಲ್ಲಿ ಹಲ್ಲಿನ ಪಟ್ಟಿ, ಅದಕ್ಕೊಂದು ಪುಟ್ಟ ಗಿಯರ್, ಗಿಯರಿಗೆ ಬೆರಳುಗಾತ್ರದ ಡೈನಮೋ ಇಟ್ಟು ಆ 8 ಜೌಲಿನಲ್ಲಿ ನೂರಕ್ಕೆ ಒಂದು ಪಾಲು ಹಿಡಿದರೂ 800 ಸಂದೇಶಕ್ಕಾಗುವಷ್ಟು ಶಕ್ತಿ ಬಂತು. ಟ್ರೇ ಎಳೆದವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆ ಶಕ್ತಿಯನ್ನು, ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಒಂದು ಕೆಪ್ಯಾಸಿಟರಿನಲ್ಲಿ ತುಂಬಿಟ್ಟು ಟ್ರೇಯಲ್ಲಿ ಹಾಳೆ ಇದೆಯಾ ಅಂತ ನೋಡಬೇಕು, ಹೇಳಬೇಕು.

ನೋಡುವುದಕ್ಕೂ ಖರ್ಚಿದೆ. ಈಗ ಹೆಚ್ಚಿನ ಮಷಿನ್ನುಗಳಲ್ಲಿ ಹಾಳೆಯನ್ನು ಕಾಣುವುದು ಒಂದು ಬೆಳಕಿನ ಕಿರಣದಿಂದ. ಪುಟ್ಟ ಪ್ಲಾಸ್ಟಿಕ್ ನಾಲಗೆಯೊಂದು ಹಾಳೆ ತಾಗಿದಾಗ ಎದ್ದು ಕಿರಣವನ್ನು ಅಡ್ಡಗಟ್ಟುತ್ತದೆ. ಆ ಬೆಳಕನ್ನು ಸದಾ ಉರಿಸಿಟ್ಟರೆ 30 ಮಿಲಿವ್ಯಾಟ್ ಬೇಕು. ಅಷ್ಟು ಕೊಡಲು ನಮ್ಮಲ್ಲಿಲ್ಲ. ಆದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ಮಿಟುಕಿಸಿದರೆ ಖರ್ಚು 3 ಮೈಕ್ರೊಜೌಲ್. ಅಷ್ಟು ಹೊತ್ತು ಸಾಕು ನೋಡಲು. ಬಡವರ ಮನೆಯ ಖರ್ಚಿನ ಹಾಗೆ ಇಲ್ಲಿ ಪ್ರತಿ ಪೈಸೆಯನ್ನೂ ಎಣಿಸಬೇಕು. ವಿದ್ಯಾರ್ಥಿಗಳೇ, ಈ ಕ್ಷೇತ್ರಕ್ಕೆ ಬಂದರೆ ನೀವು ಮೊದಲು ಕಲಿಯುವುದು ಇದನ್ನೇ.

ಹಾಗಾದರೆ ಈ ಇಲಿಬೋನಿನ ಸ್ವಿಚ್ಚನ್ನು ಆಫ್‌ಸೆಟ್ಟಿಗೂ ಹಾಕೋಣ, ಪ್ರತಿ ಹಾಳೆ ಬಂದಾಗ ಒತ್ತಿಸೋಣ ಅನ್ನಿಸುತ್ತದೆ. ಬೇಡ. ಇಂಥ ಸ್ವಿಚ್ಚಿನ ಆಯುಷ್ಯ ಸುಮಾರು 3 ಲಕ್ಷ ಒತ್ತು. ಮನೆಯ ಗೋಡೆಯ ಮೇಲೆ ಅದು ತಲೆಮಾರು ಬಾಳುತ್ತದೆ. ಗಂಟೆಗೆ 18,000 ಹಾಳೆ ಓಡುವ ಕಡೆ 17 ಗಂಟೆಯಲ್ಲಿ ಮುಗಿಯುತ್ತದೆ. ಟ್ರೇಗೆ, ಬಾಗಿಲಿಗೆ ಸರಿ. ತಿರುಗುವ ಭಾಗಕ್ಕೆ ಒಂದಕ್ಕೊಂದು ಮುಟ್ಟದ ಉಪಾಯ ಬೇಕು.

ಆ ಉಪಾಯಗಳಲ್ಲಿ ನನಗೆ ಅತಿ ಪ್ರೀತಿಯದು ವೀಗಾಂಡ್ ತಂತಿ. ನಿಮ್ಮ ಆಫೀಸಿನ ಹಾಜರಿ ಮಷಿನ್ನಿನ ಕೈಪಿಡಿಯಲ್ಲಿ ಈ ಹೆಸರು ನೋಡಿರಬಹುದು. ಅಮೆರಿಕದ ಜಾನ್ ವೀಗಾಂಡ್ 1970ರ ದಶಕದಲ್ಲಿ ರೂಪಿಸಿದ ತಂತಿ ಇದು. ಕೋಬಾಲ್ಟ್, ಕಬ್ಬಿಣ, ವನೇಡಿಯಂ ಬೆರೆಸಿದ ಲೋಹದ ತಂತಿಯನ್ನು ತಣ್ಣಗಿರುವಾಗಲೇ ಮತ್ತೆ ಮತ್ತೆ ಹುರಿ ಮಾಡಿ ಬಿಚ್ಚುತ್ತಾರೆ. ಆಗ ತಂತಿಯ ಹೊರಪದರದ ಕಾಂತಗುಣ ಒಂದಾಗುತ್ತದೆ, ಒಳತಿರುಳಿನದು ಇನ್ನೊಂದಾಗುತ್ತದೆ. ಹತ್ತಿರ ಒಂದು ಅಯಸ್ಕಾಂತ ಬಂದಾಗ ತಂತಿ ಸ್ವಲ್ಪ ಹೊತ್ತು ಹಟ ಹಿಡಿದು ನಿಲ್ಲುತ್ತದೆ. ಒಂದು ಮಿತಿ ದಾಟಿದ ಕೂಡಲೇ ಒಮ್ಮೆಲೇ ಮಗುಚಿಕೊಳ್ಳುತ್ತದೆ. ಸುತ್ತ ಸುರುಳಿ ಇದ್ದರೆ ಒಂದು ಚೂಪಾದ ಮಿಡಿತ ಸಿಗುತ್ತದೆ.

ಇದರ ಸೊಗಸು ಎಲ್ಲಿದೆ ಎಂದರೆ, ಅಯಸ್ಕಾಂತ ಎಷ್ಟು ನಿಧಾನ ಬಂದರೂ ಮಿಡಿತ ಅಷ್ಟೇ ಜೋರು. ಸೈಕಲ್ ಡೈನಮೋ ನಿಧಾನ ಹೋದರೆ ದೀಪ ಮಂಕಾಗುತ್ತದಲ್ಲ, ಆ ಕಷ್ಟ ಇಲ್ಲಿಲ್ಲ. ಪ್ರೆಸ್ಸಿನವರಿಗೆ ಇದು ಯಾಕೆ ಬೇಕು? ಈಗಿನ ಕೆಲವು ಮಷಿನ್ನುಗಳಲ್ಲಿ ಒಂದೇ ಉದ್ದ ಶಾಫ್ಟ್ ಇರುವುದಿಲ್ಲ, ಒಂದೊಂದು ಯುನಿಟ್ಟಿಗೂ ಬೇರೆ ಸರ್ವೊ ಮೋಟರ್, ಅಂದರೆ ಹೇಳಿದಷ್ಟೇ ತಿರುಗುವ ಮೋಟರ್ ಇರುತ್ತದೆ. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರಬೇಕಾದರೆ ಪ್ರತಿ ಮೋಟರಿಗೂ ತಾನು ಎಷ್ಟು ಸುತ್ತು ತಿರುಗಿದೆ, ಎಲ್ಲಿ ನಿಂತಿದೆ ಅಂತ ಗೊತ್ತಿರಬೇಕು. ಅದನ್ನು ಹೇಳುವುದು ಎನ್‌ಕೋಡರ್. ಪವರ್ ಆಫ್ ಆದಾಗಲೂ ಲೆಕ್ಕ ಮರೆಯದಿರಲಿ ಅಂತ ಹಲವು ಎನ್‌ಕೋಡರುಗಳಿಗೆ ಲಿಥಿಯಂ ಬ್ಯಾಟರಿ ಇಟ್ಟಿರುತ್ತಾರೆ. ಬ್ಯಾಟರಿ ಸತ್ತರೆ ಮೋಟರಿಗೆ ತನ್ನ ಮನೆಯೇ ಮರೆತುಹೋಗುತ್ತದೆ. ಮತ್ತೆ ಮೊದಲಿಂದ ಹೊಂದಿಸಬೇಕು.

ವೀಗಾಂಡ್ ತಂತಿ ಇರುವ ಎನ್‌ಕೋಡರಿಗೆ ಬ್ಯಾಟರಿ ಬೇಡ. ಪವರ್ ಇಲ್ಲದಾಗ ಮಷಿನ್‌ಮನ್ ಸಿಲಿಂಡರನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾರೆ ಎನ್ನಿ. ಅಯಸ್ಕಾಂತ ತಂತಿಯ ಎದುರು ಹಾಯುತ್ತದೆ. ಮಿಡಿತ ಹುಟ್ಟುತ್ತದೆ. ಅದರ ಶಕ್ತಿ ಒಂದು ಮೈಕ್ರೊಜೌಲ್ ಕೂಡ ಇಲ್ಲ. ಆದರೆ ಅಷ್ಟರಲ್ಲೇ ಒಂದು ಚಿಪ್ ಎಚ್ಚೆತ್ತು, ಲೆಕ್ಕಕ್ಕೆ ಒಂದು ಕೂಡಿಸಿ, ಬರೆದಿಟ್ಟು ಮತ್ತೆ ಮಲಗುತ್ತದೆ. ಇದು ರೇಡಿಯೊದಲ್ಲಿ ಮಾತಾಡುವಷ್ಟು ಶಕ್ತಿ ಅಲ್ಲ, ನಿಜ. ಆದರೆ ಇದು ಈಗಾಗಲೇ ಅಂಗಡಿಯಲ್ಲಿ ಸಿಗುವ ವಸ್ತು, ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ವಸ್ತು. ತನ್ನನ್ನು ಎಬ್ಬಿಸಿದ ಸುತ್ತನ್ನೇ ಅದು ಎಣಿಸುತ್ತದೆ. ಯಾವುದನ್ನು ಅಳೆಯಬೇಕೋ ಅದೇ ಅದಕ್ಕೆ ಊಟ.

ರೇಡಿಯೊ ಬೇಕು ಎಂದರೆ ಸೈಕಲ್ ಡೈನಮೋದ ದಾರಿಗೆ ಹೋಗಬೇಕು. ಮಷಿನ್ನಿನ ಫ್ರೇಮಿಗೆ ಒಂದು ಗಟ್ಟಿ ಅಯಸ್ಕಾಂತ. ರೋಲರಿನ ತುದಿಗೆ 500 ಸುತ್ತಿನ ಸುರುಳಿ. ಪ್ರತಿ ಸುತ್ತಿಗೆ ಸುರುಳಿ ಅಯಸ್ಕಾಂತದ ಎದುರು ಹಾಯುತ್ತದೆ. ಸೆಕೆಂಡಿಗೆ 5 ಸುತ್ತು, 10 ಸೆಂಟಿಮೀಟರ್ ತ್ರಿಜ್ಯ ಅಂತ ಹಿಡಿದು ಲೆಕ್ಕ ಹಾಕಿದರೆ ಸುತ್ತಿಗೆ ಹತ್ತಾರು ಮೈಕ್ರೊಜೌಲ್ ಬರುತ್ತದೆ. ಮೂರು ನಾಲ್ಕು ಸುತ್ತಿನ ಸಂಪಾದನೆ ಕೂಡಿಟ್ಟರೆ ಒಂದು ಸಂದೇಶ. ರೋಲರಿನ ಬಿಸಿಗೆ ಸೆಕೆಂಡಿಗೊಂದು ಸಂದೇಶ ಬೇಕಾದಷ್ಟಾಯಿತು. ಬಿಸಿ ಯಾಕೆ ಅಳೆಯಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ರೋಲರ್ ಕಾದರೆ ಇಂಕ್ ತೆಳುವಾಗುತ್ತದೆ, ಚುಕ್ಕೆ ಹರಡುತ್ತದೆ. ಬೆಳಗ್ಗೆ ಪಾಸಾದ ಬಣ್ಣ ಮಧ್ಯಾಹ್ನ ಬೇರೆ ಆಗಿರುತ್ತದೆ. ಬೇರಿಂಗ್ ಹೋಗುವ ಮೊದಲೂ ಬಿಸಿಯೇ ಸುದ್ದಿ ಕೊಡುತ್ತದೆ.

ಫ್ರೇಮಿಗೆ ಅಯಸ್ಕಾಂತ ಹಾಕಲು ಜಾಗ ಇಲ್ಲದಿದ್ದರೆ ಆಟೊಮ್ಯಾಟಿಕ್ ಕೈಗಡಿಯಾರದ ಉಪಾಯ ಇದೆ. ಅದರೊಳಗೆ ಒಂದು ಕಡೆ ಭಾರ ಇರುವ ತಟ್ಟೆ ಇರುತ್ತದೆ. ಅಂಥ ಭಾರವನ್ನು ಶಾಫ್ಟಿನ ತುದಿಯಲ್ಲಿ ತೂಗುಬಿಟ್ಟರೆ ಶಾಫ್ಟ್ ತಿರುಗಿದರೂ ಅದು ಕೆಳಮುಖವಾಗಿಯೇ ನಿಲ್ಲುತ್ತದೆ. ಎರಡರ ನಡುವಿನ ತಿರುಗಾಟವೇ ಡೈನಮೋ ಆಗುತ್ತದೆ.

ನಡುಕದಿಂದ ಕರೆಂಟ್ ತೆಗೆಯುವ ಬಗ್ಗೆ ಬಹಳ ಜನ ಕೇಳುತ್ತಾರೆ. ಮಷಿನ್ ನಡುಗುತ್ತದೆ, ಪೀಜೊ ಪಟ್ಟಿ ಅಂಟಿಸಿದರೆ ಆಗುವುದಿಲ್ಲವೇ ಅಂತ. ಆಗುತ್ತದೆ, ಒಂದು ಷರತ್ತಿನ ಮೇಲೆ. ತುದಿಗೆ ಭಾರ ಕಟ್ಟಿದ ಪಟ್ಟಿಗೆ ತನ್ನದೇ ಒಂದು ಶ್ರುತಿ ಇರುತ್ತದೆ, ತಂಬೂರಿಯ ತಂತಿಗೆ ಇರುವ ಹಾಗೆ. ನಡುಕ ಆ ಶ್ರುತಿಗೆ ಕೂಡಿದರೆ ಮಾತ್ರ ಚೆನ್ನಾಗಿ ಅಲ್ಲಾಡುತ್ತದೆ. ನಿಮಿಷಕ್ಕೆ 1,440 ಸುತ್ತಿನ ಮಾಮೂಲಿ ಮೋಟರ್ ಸೆಕೆಂಡಿಗೆ 24 ಸಲ ನಡುಗಿಸುತ್ತದೆ. ಪಂಪಿಗೆ, ಕಂಪ್ರೆಸರಿಗೆ ಅದೇ ಶ್ರುತಿ ಸದಾ ಇರುತ್ತದೆ. ಪ್ರೆಸ್ಸಿನಲ್ಲಿ ಹಾಗಲ್ಲ. ಆರ್ಟ್ ಪೇಪರಿಗೆ ಒಂದು ಸ್ಪೀಡ್, ದಪ್ಪ ಬೋರ್ಡಿಗೆ ಇನ್ನೊಂದು. ಶ್ರುತಿ ತಪ್ಪಿತು ಅಂದರೆ ಸಂಪಾದನೆ ನಿಂತಿತು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಿಂದ 2004ರಲ್ಲಿ ಹೊರಬಂದ ಪರ್ಪೆಚುಯಮ್ ಎಂಬ ಕಂಪನಿ ರೈಲು ಚಕ್ರದ ಬೇರಿಂಗುಗಳ ಮೇಲೆ ಇದನ್ನು ಚೆನ್ನಾಗಿ ನಡೆಸಿ ತೋರಿಸಿದೆ. ರೈಲಿನ ಕುಲುಕಾಟ ಅಷ್ಟು ದೊಡ್ಡದು. ನಮ್ಮ ಮಷಿನ್ನಿಗೆ ಕೆಳಗೆ ಕಾಂಕ್ರೀಟ್ ಹಾಕಿ, ರಬ್ಬರ್ ಕೊಟ್ಟು, ನಡುಗದ ಹಾಗೆ ಕೂರಿಸುವುದಕ್ಕೇ ನಾವು ದುಡ್ಡು ಕೊಡುತ್ತೇವೆ. ಚೆನ್ನಾಗಿ ಕೂರಿಸಿದ ಪ್ರೆಸ್ಸಿನಲ್ಲಿ ನಡುಕವನ್ನು ನಂಬಿ ಕೂರಬೇಡಿ ಎನ್ನುವುದು ನನ್ನ ಅಭಿಪ್ರಾಯ. ತಿರುಗುವುದನ್ನು ನಂಬಿ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1938ರ ಅಕ್ಟೋಬರ್ 22. ನ್ಯೂಯಾರ್ಕಿನ ಅಸ್ಟೋರಿಯಾ ಎಂಬಲ್ಲಿ ಒಂದು ಬಾಡಿಗೆ ಕೋಣೆ. ಚೆಸ್ಟರ್ ಕಾರ್ಲ್‌ಸನ್ ಮತ್ತು ಅವರ ಸಹಾಯಕ ಒಟ್ಟೊ ಕೊರ್ನೈ ಒಂದು ಸತುವಿನ ತಗಡಿಗೆ ಗಂಧಕ ಬಳಿದಿದ್ದರು. ಅದಕ್ಕೆ ವಿದ್ಯುತ್ ತುಂಬಿದ್ದು ಹೇಗೆ ಗೊತ್ತಾ? ಹತ್ತಿಯ ಕರವಸ್ತ್ರದಿಂದ ಗಸಗಸ ಉಜ್ಜಿ! ಆಮೇಲೆ ಗಾಜಿನ ಮೇಲೆ ಬರೆದ ಅಕ್ಷರಗಳ ಮೂಲಕ ಅದರ ಮೇಲೆ ಬೆಳಕು ಬಿಟ್ಟು, ಪುಡಿ ಉದುರಿಸಿ, ಊದಿ, ಮೇಣದ ಕಾಗದಕ್ಕೆ ಇಳಿಸಿದರು. ಆ ದಿನದ ತಾರೀಖು ಮತ್ತು ಅಸ್ಟೋರಿಯಾ ಎಂಬ ಹೆಸರು ಕಾಗದದ ಮೇಲೆ ಮೂಡಿತು. ಲೋಕದ ಮೊದಲ ಜೆರಾಕ್ಸ್ ಪ್ರತಿಗೆ ವಿದ್ಯುತ್ ಕೊಟ್ಟದ್ದು ಕೈಯ ಚಲನೆ. ಆ ಉಜ್ಜಾಟದ ವಿದ್ಯುತ್ ನಿಮಗೆ ವೈರಿ ಅಂತ ನನಗೆ ಗೊತ್ತು. ಒಣ ಹವೆಯಲ್ಲಿ ಹಾಳೆಗೆ ಹಾಳೆ ಅಂಟಿ ಫೀಡರಿನಲ್ಲಿ ಎರಡೆರಡು ಹೋಗುತ್ತವೆ. 2012ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಝೋಂಗ್ ಲಿನ್ ವಾಂಗ್ ಅವರ ತಂಡ ಈ ಉಜ್ಜಾಟದಿಂದಲೇ ನಡೆಯುವ ಪುಟ್ಟ ಜನರೇಟರ್ ತೋರಿಸಿತು. ಆದರೆ ತೇವ ಏರಿದರೆ ಅದರ ಇಳುವರಿ ಇಳಿಯುತ್ತದೆ, ಧೂಳು ಕೂತರೂ ಕಷ್ಟ. ಪ್ರೆಸ್ಸಿನಲ್ಲಿ ಇವೆರಡೂ ಇವೆ. ಅದಕ್ಕೆ ನಾನು ಅದನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ.

ಕಬ್ಬಿಣದ ಪೆಟ್ಟಿಗೆಯೊಳಗಿಂದ ರೇಡಿಯೊ ಹೊರಗೆ ಬರುತ್ತದೆಯೇ? ಪೂರ್ತಿ ಮುಚ್ಚಿದ ಪೆಟ್ಟಿಗೆಯಿಂದ ಬರುವುದಿಲ್ಲ. ಆದರೆ ಪ್ರೆಸ್ಸಿನಲ್ಲಿ ಸಂದು ಇರುತ್ತದೆ, ಕಿಟಕಿ ಇರುತ್ತದೆ. ಅದೂ ಆಗದಿದ್ದರೆ ಕೇಳುವ ಆಂಟೆನಾವನ್ನೇ ಗಾರ್ಡಿನ ಒಳಗಡೆ ಕೂರಿಸಬೇಕು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ತನಕದ ಪಟ್ಟಿಯನ್ನು ಕಡಿಮೆ ಶಕ್ತಿಯ ಇಂಥ ಸಾಧನಗಳು ಲೈಸೆನ್ಸ್ ಇಲ್ಲದೆ ಬಳಸಬಹುದು. ಅದರ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಬ್ಲೂಟೂತಿನ ಅಲೆ 12 ಸೆಂಟಿಮೀಟರ್ ಚಿಲ್ಲರೆ. ಎರಡರಲ್ಲೂ ಕೆಲಸ ಆಗುತ್ತದೆ. ಜಾಗ ನೋಡಿ, ಹಾಕಿ ಅಳೆದೇ ನಿರ್ಧರಿಸಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಇದನ್ನು ಹೇಳಲು ನನ್ನ ಅಪ್ಪನ ಪ್ರೆಸ್ಸಿಗೆ ಹೋಗಬೇಕು.

ಅಪ್ಪನದು ಟ್ರೆಡಲ್, ಕಾಲಲ್ಲಿ ತುಳಿಯುವ ಅಚ್ಚಿನ ಮಷಿನ್. ಹಿಂದಿನ ಕೋಣೆಯೇ ಮನೆ. ಅಪ್ಪ ಒಳಗೆ ಊಟಕ್ಕೆ ಕೂತಾಗ ಹೊರಗೆ ಹುಡುಗ ಮಷಿನ್ ತುಳಿಯುತ್ತಿದ್ದ. ಸದ್ದು ಕೇಳಿಯೇ ಅಪ್ಪ "ರೋಲರಿಗೆ ಮಸಿ ಸಾಲ್ತಿಲ್ಲ, ನೋಡು ಹೋಗು" ಅಂತ ನನ್ನನ್ನು ಕಳಿಸುತ್ತಿದ್ದರು. ಸದ್ದು ನಿಂತರೆ ಮಾತ್ರ ತಾವೇ ಏಳುತ್ತಿದ್ದರು. ಕೈ ತೊಳೆಯದೆ ಓಡಿದ್ದೂ ಇದೆ. ಟ್ರೆಡಲ್ ಕೈ ಸಿಕ್ಕಿಸಿಕೊಂಡು ಜಜ್ಜಿಬಿಡುವ ಮಷಿನ್ ಅಂತ ನಿಮಗೆ ಗೊತ್ತು.

ಸದ್ದೂ ಒಂದು ಬ್ಯಾಟರಿ ಇಲ್ಲದ ವೈರ್‌ಲೆಸ್ ಸೆನ್ಸರ್ ತಾನೆ? ಮಷಿನ್ನಿನ ಓಟದಿಂದಲೇ ಹುಟ್ಟುತ್ತದೆ, ಗಾಳಿಯಲ್ಲೇ ಬರುತ್ತದೆ. ಆದರೆ ಅಪ್ಪನಿಗೆ ಸದ್ದಿನಿಂದ ಒಂದು ಸುದ್ದಿ ಸಿಗುತ್ತಿತ್ತು, ಮೌನದಿಂದ ಇನ್ನೊಂದು. ನಮ್ಮ ಸೆನ್ಸರಿನ ಮೌನ ಏನು ಹೇಳುತ್ತದೆ? ಮಷಿನ್ ನಿಂತಿದೆ ಎಂದೇ? ಸೆನ್ಸರ್ ಕೆಟ್ಟಿದೆ ಎಂದೇ? ರೇಡಿಯೊ ಅಡ್ಡಗಟ್ಟಿದೆ ಎಂದೇ? ಮೂರೂ ಒಂದೇ ಥರ ಕೇಳಿಸುತ್ತವೆ. ಓಟದಿಂದ ಉಣ್ಣುವ ಸೆನ್ಸರಿನ ದೊಡ್ಡ ದೌರ್ಬಲ್ಯ ಇದೇ. ಮಾರುವವರು ಇದನ್ನು ಸಾಮಾನ್ಯವಾಗಿ ಮೊದಲು ಹೇಳುವುದಿಲ್ಲ.

ಇದಕ್ಕೆ ಅರ್ಧ ಪರಿಹಾರ ಇದೆ. ಕೇಳುವ ಕಡೆಯ ಪೆಟ್ಟಿಗೆಗೆ ಕರೆಂಟ್ ಸದಾ ಇರುತ್ತದೆ. ಮೇನ್ ಮೋಟರ್ ಓಡುತ್ತಿದೆಯೇ ಎನ್ನುವ ಸುದ್ದಿಯನ್ನು ಅದಕ್ಕೆ ವೈರಿನಲ್ಲೇ ಕೊಡಿ. ಮೋಟರ್ ಓಡುತ್ತಿದ್ದೂ ಸೆನ್ಸರ್ ಸುಮ್ಮನಿದ್ದರೆ ಸೆನ್ಸರಿಗೆ ಏನೋ ಆಗಿದೆ. ಮೋಟರ್ ನಿಂತು ಸೆನ್ಸರೂ ಸುಮ್ಮನಿದ್ದರೆ ಅದು ಸಹಜ. ಇದು ಬಿಸಿ, ಎಣಿಕೆ, ಸವೆತ ನೋಡುವ ಕೆಲಸಕ್ಕೆ ಸಾಕು.

ಆದರೆ ಗಾರ್ಡಿಗೆ? ಕಟಿಂಗ್ ಮಷಿನ್ನಿನ ಬ್ಲೇಡಿಗೆ? ದಯವಿಟ್ಟು ಬೇಡ. ಗಾರ್ಡಿನ ಸೇಫ್ಟಿ ಸ್ವಿಚ್ ಹೇಗೆ ಕಟ್ಟುತ್ತಾರೆ ನೋಡಿ. ಗಾರ್ಡ್ ಮುಚ್ಚಿರುವಷ್ಟು ಹೊತ್ತೂ ಅದರಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಗಾರ್ಡ್ ತೆಗೆದರೆ ಕರೆಂಟ್ ನಿಲ್ಲುತ್ತದೆ, ಮಷಿನ್ ನಿಲ್ಲುತ್ತದೆ. ವೈರ್ ತುಂಡಾದರೂ ಕರೆಂಟ್ ನಿಲ್ಲುತ್ತದೆ, ಆಗಲೂ ಮಷಿನ್ ನಿಲ್ಲುತ್ತದೆ. ಕೆಟ್ಟರೂ ಕೈ ಉಳಿಸುವ ಕಡೆಗೇ ಕೆಡುತ್ತದೆ. ನಾನು ಶುರುವಿನಲ್ಲಿ ಬೈದ ವೈರ್ ಇಲ್ಲಿ ನಮ್ಮನ್ನು ಕಾಯುತ್ತದೆ. ಒಮ್ಮೆ ಫಟ್ ಅಂದು ಸುಮ್ಮನಾಗುವ ಸೆನ್ಸರ್ ಈ ಕೆಲಸ ಮಾಡಲಾರದು. ಗಾರ್ಡ್ ತೆಗೆದಾಗ ಕಳಿಸಿದ ಆ ಒಂದು ಸಂದೇಶ ದಾರಿಯಲ್ಲಿ ಕಳೆದುಹೋದರೆ ಮಷಿನ್ ಓಡುತ್ತಲೇ ಇರುತ್ತದೆ. ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಂಡವರ ಕೈ ಕುಲುಕಿದವನು ನಾನು. ನಾಲ್ಕು ಮೀಟರ್ ವೈರ್ ಉಳಿಸಲು ಯಾರೂ ಅಲ್ಲಿ ಕೈ ಹಾಕಬಾರದು.

ಮಾತು ಮುಗಿದ ಮೇಲೆ ಒಬ್ಬ ಪ್ರೆಸ್ ಮಾಲೀಕರು ಕೇಳಿದರು: "ಇದು ಮಷಿನ್ನಿನ ಕರೆಂಟನ್ನೇ ಕದ್ದಂಗಾತಲ್ರಿ?" ಹೌದು, ಪುಕ್ಕಟೆ ಶಕ್ತಿ ಎಲ್ಲೂ ಇಲ್ಲ. ಸುರುಳಿ ಅಯಸ್ಕಾಂತದ ಎದುರು ಹಾಯುವಾಗ ರೋಲರನ್ನು ಒಂದು ಚೂರು ಹಿಂದಕ್ಕೆ ಎಳೆಯುತ್ತದೆ. ಆದರೆ ನಾವು ತೆಗೆಯುವುದು ಮಿಲಿವ್ಯಾಟಿಗಿಂತ ಕಡಿಮೆ. 5 ಕಿಲೋವ್ಯಾಟ್ ಮೋಟರಿನಿಂದ ಒಂದು ಮಿಲಿವ್ಯಾಟ್ ತೆಗೆದರೂ ಅದು 50 ಲಕ್ಷದಲ್ಲಿ ಒಂದು ಪಾಲು. ರೋಲರಿಗೆ ಗ್ರೀಸ್ ಸರಿಯಾಗಿ ಹಾಕಿದರೆ ಅದರ ಸಾವಿರ ಪಟ್ಟು ಉಳಿಯುತ್ತದೆ.

ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಇನ್ನೂ ಚೆನ್ನಾಗಿತ್ತು. "ಸರ್, ಮಷಿನ್ ನಿಂತ ಮೇಲೂ ಬೇರಿಂಗ್ ಬಿಸಿ ಇರುತ್ತದಲ್ಲ, ಆ ಬಿಸಿ ಹೇಗೆ ಇಳಿಯುತ್ತದೆ ಅಂತ ಗೊತ್ತಾಗುವುದಿಲ್ಲವೇ?" ಅದಕ್ಕೆ ಉತ್ತರ ಕೆಪ್ಯಾಸಿಟರಿನಲ್ಲಿದೆ. 47 ಮೈಕ್ರೊಫ್ಯಾರಡ್‌ನ ಒಂದು ಪುಟ್ಟ ಕೆಪ್ಯಾಸಿಟರನ್ನು 5 ವೋಲ್ಟಿಗೆ ತುಂಬಿ 2 ವೋಲ್ಟ್ ತನಕ ಬಳಸಿದರೆ ಸುಮಾರು 490 ಮೈಕ್ರೊಜೌಲ್ ಸಿಗುತ್ತದೆ. ನಾಲ್ಕು ಸಂದೇಶ. ದೊಡ್ಡದು ಹಾಕಿದರೆ ಮಷಿನ್ ನಿಂತ ಮೇಲೂ ನಿಮಿಷಕ್ಕೊಂದರಂತೆ ಅರ್ಧ ಗಂಟೆ ಹೇಳಿಸಬಹುದು. ಆದರೆ ದೊಡ್ಡ ಕೆಪ್ಯಾಸಿಟರ್ ತುಂಬಲು ಹೊತ್ತು ಬೇಕು. ಬೆಳಗ್ಗೆ ಮಷಿನ್ ಶುರು ಮಾಡಿದ ಮೇಲೆ ಮೊದಲ ಸುದ್ದಿ ತಡವಾಗಿ ಬರುತ್ತದೆ. ಎರಡು ಕೆಪ್ಯಾಸಿಟರ್ ಇಟ್ಟು, ಚಿಕ್ಕದು ತುಂಬಿದ ಮೇಲೆ ದೊಡ್ಡದಕ್ಕೆ ಹರಿಯುವ ಹಾಗೆ ಮಾಡಬಹುದು. ಅದನ್ನು ಅವಳೇ ಹೇಳಿದಳು.

ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಎದ್ದರು. ಮೊದಲು ಯಾವ ಮಷಿನ್ನಿಗೆ ಹಾಕಿ ನೋಡಬೇಕು ಅಂತ ಚರ್ಚೆ ನಡೆಯುತ್ತಿತ್ತು. ಓಡುತ್ತಿರುವ ಆಫ್‌ಸೆಟ್ ನಿಲ್ಲಿಸಲು ಯಾರಿಗೂ ಮನಸ್ಸಿರಲಿಲ್ಲ. "ನಮ್ಮ ಹಳೇ ಟ್ರೆಡಲ್ ಇನ್ನೂ ಐತ್ರಿ, ಸರ್," ಎಂದರು. "ಬೇರಿಂಗ್ ಛಲೋ ಅದಾವ. ಮೊದಲ ಅದರ ಚಕ್ರಕ್ಕ ಹಚ್ಚಿ ನೋಡ್ರಿ. ತುಳಿಯಾಕ ನಾ ಅದೀನಿ." ಬರುವ ಭಾನುವಾರ ಇಬ್ಬರು ವಿದ್ಯಾರ್ಥಿಗಳು ಸುರುಳಿ ಸುತ್ತಿಕೊಂಡು ಅವರ ಪ್ರೆಸ್ಸಿಗೆ ಹೋಗುವುದೆಂದು ಅಲ್ಲೇ ತೀರ್ಮಾನ ಆಯಿತು.